ಲಿಂಕನ್‌ಗೆ ಸಿಗದ ಹಿರಿಯರು: ಒಂದು ರೈತ ಮನೆತನದ ಬೇರು ಹುಡುಕಿದ ಪ್ರಕರಣ

1848ರ ಮಾರ್ಚ್. ಅಬ್ರಹಾಂ ಲಿಂಕನ್ ಆಗ ಅಮೆರಿಕದ ಕಾಂಗ್ರೆಸ್ ಸದಸ್ಯರು. ಅಧ್ಯಕ್ಷರಾಗಲು ಇನ್ನೂ ಹದಿಮೂರು ವರ್ಷ ಬಾಕಿ. ಮ್ಯಾಸಚೂಸೆಟ್ಸ್‌ನ ಹಿಂಗಮ್ ಊರಿನ ಸಾಲಮನ್ ಲಿಂಕನ್ ಎಂಬವರು ಇನ್ನೊಬ್ಬ ಸದಸ್ಯರ ಮೂಲಕ ಅವರ ಮನೆತನದ ಬಗ್ಗೆ ವಿಚಾರಿಸಿದ್ದರು. ಲಿಂಕನ್ ಕೊಟ್ಟ ಉತ್ತರ ಬಹಳ ಚಿಕ್ಕದು. ಅಪ್ಪ ಥಾಮಸ್, ಅಜ್ಜ ಅಬ್ರಹಾಂ. ಅಜ್ಜ ವರ್ಜೀನಿಯಾದ ರಾಕಿಂಗ್‌ಹ್ಯಾಂ ಕೌಂಟಿಯಿಂದ (ನಮ್ಮ ಜಿಲ್ಲೆಯಂಥದು) 1782ರ ಸುಮಾರಿಗೆ ಕೆಂಟಕಿಗೆ ಹೋದ. ಎರಡು ವರ್ಷದ ಮೇಲೆ ಮೂಲನಿವಾಸಿಗಳ ಕೈಯಲ್ಲಿ ಸತ್ತ. ಮುತ್ತಜ್ಜ ಪೆನ್ಸಿಲ್ವೇನಿಯಾದಿಂದ ಬಂದವನು, ಕ್ವೇಕರ್ (ಕ್ರೈಸ್ತರ ಒಂದು ಶಾಂತಿವಾದಿ ಪಂಥದವನು) ಆಗಿದ್ದ ಅಂತ ಮನೆಯಲ್ಲಿ ಒಂದು ಮಸುಕಾದ ಮಾತಿದೆ. ಅದರಾಚೆ ಏನೂ ಕೇಳಿಲ್ಲ.

ಅಷ್ಟೇ. ಮೂರು ತಲೆಮಾರು, ಅದರಲ್ಲೂ ಮೂರನೆಯವನ ಹೆಸರೇ ಗೊತ್ತಿಲ್ಲ. ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಬಂದು ಒಂದು ಮನೆಯ ತಲೆಮಾರುಗಳನ್ನೆಲ್ಲ ಒಪ್ಪಿಸಿ ಹೋಗುವ ಹಾಗೆ ಕೆಂಟಕಿಯ ಕಾಡಿನಲ್ಲಿ ಹೇಳುವವರು ಯಾರೂ ಇರಲಿಲ್ಲ. ಅಪ್ಪ ಥಾಮಸ್‌ಗೆ ತನ್ನ ಸಹಿ ಹಾಕುವುದೇ ಕಷ್ಟವಾಗಿತ್ತು ಎಂದು ಲಿಂಕನ್ನರೇ ಬರೆದಿದ್ದಾರೆ.

ಇಂದು ಆ ಸಾಲು ಏಳು ತಲೆಮಾರಿನಷ್ಟು ಸ್ಪಷ್ಟವಾಗಿದೆ. ಇಂಗ್ಲೆಂಡಿನ ನಾರ್ಫೋಕ್‌ನಿಂದ 1637ರಲ್ಲಿ ಹಡಗು ಹತ್ತಿದ ನೇಕಾರರ ಮನೆಯ ಹುಡುಗನವರೆಗೂ ದಾರಿ ಸಿಕ್ಕಿದೆ. ಸಾಮಾನ್ಯ ರೈತ ಕುಟುಂಬವೊಂದರ ವಂಶ ಹುಡುಕುವವರಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಲಿಂಕನ್ ಹೆಸರು ದೊಡ್ಡದು, ನಿಜ. ಆದರೆ ಅವರ ಹಿಂದಿನವರು ಕಮ್ಮಾರರು, ನೇಕಾರರು, ಹೊಲ ಮಾರಿ ಹೊಲ ಕೊಂಡವರು. ಅವರ ಗುರುತು ಉಳಿದಿದ್ದು ಕ್ರಯಪತ್ರ, ಉಯಿಲು, ತೆರಿಗೆ ಪಟ್ಟಿಗಳಲ್ಲಿ. ಮನೆಯವರ ನೆನಪಿನಲ್ಲಿ ಅಲ್ಲ.

ಪತ್ರಗಳಲ್ಲಿ ಎಷ್ಟು ಸಿಕ್ಕಿತು

ಅದೇ ತಿಂಗಳು ಲಿಂಕನ್ ಇನ್ನೊಂದು ಕಡೆಗೂ ಬರೆದರು. ರಾಕಿಂಗ್‌ಹ್ಯಾಂನಲ್ಲೇ ಉಳಿದಿದ್ದ ಡೇವಿಡ್ ಲಿಂಕನ್ ಎಂಬವರಿಗೆ. ಉತ್ತರ ಬೇಗ ಬಂತು. ಡೇವಿಡ್ 1801 ಅಥವಾ 1802ರಲ್ಲಿ ಕೆಂಟಕಿಯ ವಾಷಿಂಗ್ಟನ್ ಕೌಂಟಿಗೆ ಹೋಗಿ ಆ ಕುಟುಂಬವನ್ನು ಕಂಡಿದ್ದರಂತೆ. ಏಪ್ರಿಲ್ 2ರಂದು ಲಿಂಕನ್ ಮರಳಿ ಬರೆದರು: ನಿಮ್ಮ ದೊಡ್ಡಪ್ಪ ಅಬ್ರಹಾಂ, ನನ್ನ ಅಜ್ಜ ಇಬ್ಬರೂ ಒಬ್ಬನೇ ಎನ್ನುವುದರಲ್ಲಿ ಇನ್ನು ಅನುಮಾನವಿಲ್ಲ. ಆಮೇಲೆ ಪ್ರಶ್ನೆಗಳು. ನಿಮ್ಮ ಅಜ್ಜನ ಹೆಸರೇನು? ಕ್ವೇಕರ್ ಆಗಿದ್ದನೇ? ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯಿಂದ ಯಾವಾಗ ಬಂದ? ನಿಮ್ಮ ಮನೆತನದ ಬಗ್ಗೆ ಅದಕ್ಕೂ ಹಿಂದಿನದು ಗೊತ್ತೇ? ‘ನಿಮ್ಮ ಮನೆತನ’ ಎಂದು ಬರೆದವರು ಅಲ್ಲೇ ತಿದ್ದಿ, ಈಗ ‘ನಮ್ಮ’ ಎನ್ನಬಹುದಲ್ಲ ಎಂದು ಸೇರಿಸಿದರು. ಇಡೀ ಪತ್ರವ್ಯವಹಾರದಲ್ಲಿ ನನಗೆ ತುಂಬ ಇಷ್ಟವಾದ ಸಾಲು ಅದು.

ದೂರದ ನೆಂಟರಿಗೆ ಬರೆದಿದ್ದು ಸರಿಯಾದ ಹೆಜ್ಜೆ. ಊರು ಬಿಟ್ಟು ಹೋದವರ ಕತೆ ಊರಲ್ಲೇ ಉಳಿದವರಿಗೆ ಜಾಸ್ತಿ ಗೊತ್ತಿರುತ್ತದೆ.

ಆದರೆ ಅಲ್ಲಿಂದ ಮುಂದೆ ಹುಡುಕಾಟ ನಿಂತಿತು. 1859ರ ಡಿಸೆಂಬರ್‌ನಲ್ಲಿ ಜೆಸ್ಸಿ ಫೆಲ್ ಎಂಬ ಗೆಳೆಯರಿಗೆ ಬರೆದ ಚಿಕ್ಕ ಆತ್ಮಕತೆಯಲ್ಲಿ ಲಿಂಕನ್ ಹೇಳಿದ್ದಿಷ್ಟು. ನ್ಯೂ ಇಂಗ್ಲೆಂಡಿನ, ಅಂದರೆ ಹಿಂಗಮ್ ಇರುವ ಈಶಾನ್ಯ ಅಮೆರಿಕದ ಲಿಂಕನ್ನರ ಜೊತೆ ಸಂಬಂಧ ಹುಡುಕುವ ಪ್ರಯತ್ನ ನಡೆಯಿತು, ಎರಡೂ ಕಡೆ ಈನಾಕ್, ಲೀವೈ, ಮೊರ್ಡೆಕೈ, ಸಾಲಮನ್, ಅಬ್ರಹಾಂ ಎಂಬ ಹೆಸರುಗಳಿವೆ ಅನ್ನುವುದನ್ನು ಬಿಟ್ಟರೆ ಗಟ್ಟಿಯಾದದ್ದೇನೂ ಸಿಗಲಿಲ್ಲ. ಇಲ್ಲಿ ಒಂದು ತಮಾಷೆ ಇದೆ. 1848ರ ಪತ್ರದಲ್ಲಿ ಇದೇ ಲಿಂಕನ್, ಲೀವೈ ಎಂಬ ಹೆಸರು ನಮ್ಮಲ್ಲಿ ಯಾರಿಗೂ ಇರುವುದು ಕೇಳಿಲ್ಲ ಎಂದಿದ್ದರು. ಹನ್ನೊಂದು ವರ್ಷದಲ್ಲಿ ಲೀವೈ ಇಲ್ಲದ ಕಡೆಯಿಂದ ಇರುವ ಕಡೆಗೆ ಬಂದುಬಿಟ್ಟ. ಬರೀ ಹೆಸರಿನ ಹೋಲಿಕೆ ನಂಬಿಕೊಂಡರೆ ಆಗುವುದೇ ಹೀಗೆ.

ಇನ್ನೊಂದು ಮಾತು. ಲಿಂಕನ್ ವಕೀಲರು, ಅದಕ್ಕೂ ಮೊದಲು ಇಲಿನಾಯ್‌ನಲ್ಲಿ ಸರ್ವೆ ಕೆಲಸ ಮಾಡಿದವರು. ಜಮೀನಿನ ಕಾಗದ ಓದುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಮ್ಮ ಮನೆತನದ ಉತ್ತರವೂ ಅಂಥದೇ ಕಾಗದಗಳಲ್ಲಿ ಕೂತಿತ್ತು. ಆದರೆ ನಾಲ್ಕೈದು ರಾಜ್ಯಗಳ ಕೋರ್ಟು ಕಚೇರಿಗಳಲ್ಲಿ ಹರಡಿಹೋಗಿತ್ತು.

ನಾಲ್ಕು ಥಾಮಸ್‌ಗಳ ಊರು

ಮೇಲಿನ ತುದಿಯಿಂದ ನೋಡೋಣ. ಹಿಂಗಮ್ 1630ರ ದಶಕದಲ್ಲಿ ನೆಲೆಗೊಂಡ ಊರು. ನಾರ್ಫೋಕ್‌ನ ಹಿಂಗಮ್‌ನಿಂದ ಬಂದವರು ಹೊಸ ಊರಿಗೂ ಅದೇ ಹೆಸರಿಟ್ಟರು. ಆ ಚಿಕ್ಕ ಊರಿನಲ್ಲಿ ಥಾಮಸ್ ಲಿಂಕನ್ ಎಂಬ ಹೆಸರಿನವರು ನಾಲ್ಕು ಜನ. ಗುರುತಿಗೆ ಒಬ್ಬ ನೇಕಾರ ಥಾಮಸ್, ಒಬ್ಬ ಪೀಪಾಯಿ ಮಾಡುವ ಥಾಮಸ್, ಒಬ್ಬ ಗಿರಣಿ ಥಾಮಸ್, ಇನ್ನೊಬ್ಬ ಬೇಸಾಯದ ಥಾಮಸ್. ದಾಖಲೆಗಳಲ್ಲೂ ಹಾಗೇ ಬರೆದಿದ್ದಾರೆ. ಕಸುಬಿನ ಆ ಗುರುತು ಇಲ್ಲದಿದ್ದರೆ ಇಂದು ಯಾರೂ ಅವರನ್ನು ಬಿಡಿಸಲು ಆಗುತ್ತಿರಲಿಲ್ಲ.

ಅಧ್ಯಕ್ಷರ ಸಾಲಿನ ಮೂಲ ಇವರಲ್ಲಿ ಯಾರೂ ಅಲ್ಲ. ಅವನು ನೇಕಾರ ಥಾಮಸ್‌ನ ತಮ್ಮ ಸ್ಯಾಮುಯೆಲ್. 1637ರಲ್ಲಿ ನಾರಿಚ್‌ನ ಫ್ರಾನ್ಸಿಸ್ ಲಾಸ್ ಎಂಬ ನೇಕಾರನ ಕೆಲಸದ ಹುಡುಗನಾಗಿ ಹಡಗು ಹತ್ತಿದ. ಆ ಪ್ರಯಾಣಿಕರ ಪಟ್ಟಿಯಲ್ಲಿ ಅವನ ಹೆಸರು ‘ಲಿಂಕಾರ್ನ್’, ವಯಸ್ಸು 18. ಆದರೆ ನಾರ್ಫೋಕ್‌ನ ಹಿಂಗಮ್ ಚರ್ಚಿನ ಪುಸ್ತಕದಲ್ಲಿ ಸ್ಯಾಮುಯೆಲ್‌ಗೆ ದೀಕ್ಷಾಸ್ನಾನ ಆಗಿದ್ದು 1622ರ ಆಗಸ್ಟ್‌ನಲ್ಲಿ. ಅಂದರೆ ಹಡಗು ಹತ್ತಿದಾಗ ಹದಿನೈದೂ ತುಂಬಿರಲಿಲ್ಲ. ದೀಕ್ಷಾಸ್ನಾನ ತಡವಾಗಿ ಆಗಿರಬಹುದು, ಅಥವಾ ವಯಸ್ಸನ್ನು ಅಂದಾಜಿಗೆ ಬರೆಸಿರಬಹುದು. ಹಳೇ ದಾಖಲೆಗಳಲ್ಲಿ ಮೂರು ವರ್ಷ ಹೆಚ್ಚುಕಮ್ಮಿ ಆದರೆ ಗಾಬರಿ ಬೇಡ. ಹೆಸರು, ಊರು, ಕಸುಬು, ಅಣ್ಣ ಇರುವ ಜಾಗ, ಇಷ್ಟೂ ಹೊಂದಿದರೆ ವಯಸ್ಸನ್ನು ಸ್ವಲ್ಪ ಸಡಿಲ ಬಿಡಬಹುದು.

ಸ್ಯಾಮುಯೆಲ್‌ನ ಮಗ ಮೊರ್ಡೆಕೈ, 1657ರಲ್ಲಿ ಹುಟ್ಟಿದವನು, ಕಬ್ಬಿಣದ ಕೆಲಸದವನು. ಅವನ ಮಕ್ಕಳು ಇನ್ನೊಬ್ಬ ಮೊರ್ಡೆಕೈ ಮತ್ತು ಅಬ್ರಹಾಂ. ಅಣ್ಣತಮ್ಮ ಇಬ್ಬರೂ ಕಬ್ಬಿಣದ ಕಸುಬು ಕಲಿತು ನ್ಯೂ ಜೆರ್ಸಿಯ ಮನ್ಮತ್ ಕೌಂಟಿಗೆ ಹೋದರು. ಒಬ್ಬನನ್ನೇ ಹಿಂಬಾಲಿಸಿದ್ದರೆ ಅನುಮಾನ ಉಳಿಯುತ್ತಿತ್ತು. ಒಂದೇ ಹೆಸರಿನ ಜೋಡಿ, ಒಂದೇ ಕಸುಬು, ಒಂದು ಊರಲ್ಲಿ ಕಾಣೆಯಾದ ಕಾಲಕ್ಕೆ ಇನ್ನೊಂದು ಊರಲ್ಲಿ ಹಾಜರು. 1727ರಲ್ಲಿ ಸತ್ತ ಅಪ್ಪನ ಉಯಿಲಿನಲ್ಲೂ ಇಬ್ಬರ ಹೆಸರಿದೆ. ಒಬ್ಬನ ಬದಲು ಇಡೀ ಗುಂಪನ್ನು ಹಿಂಬಾಲಿಸು ಅಂತ ವಂಶ ಹುಡುಕುವವರು ಹೇಳುವುದು ಇದಕ್ಕೇ.

ನ್ಯೂ ಜೆರ್ಸಿಯಲ್ಲಿ ಮೊರ್ಡೆಕೈ ಹ್ಯಾನಾ ಸಾಲ್ಟರ್‌ಳನ್ನು ಮದುವೆಯಾದ, ಜಮೀನು ಮಾಡಿದ. ಅಲ್ಲೊಂದು ಪುಟ್ಟ ಸಮಾಧಿ ಕಲ್ಲಿದೆ: ಡೆಬೊರಾ ಲಿಂಕನ್, 1720, ಮೂರು ವರ್ಷ ನಾಲ್ಕು ತಿಂಗಳ ಮಗು. ಆಮೇಲೆ ಮೊರ್ಡೆಕೈ ಪೆನ್ಸಿಲ್ವೇನಿಯಾಕ್ಕೆ ಹೋಗಿ ಕಾವೆಂಟ್ರಿಯಲ್ಲಿ ಕಬ್ಬಿಣದ ಕುಲುಮೆಯಲ್ಲಿ ಪಾಲು ಹಿಡಿದ, 1725ರಲ್ಲಿ ಅದನ್ನು ಮಾರಿ ಬೇಸಾಯಕ್ಕೆ ಇಳಿದ. ಈಗಿನ ಬರ್ಕ್ಸ್ ಕೌಂಟಿಯ ಎಕ್ಸೆಟರ್‌ನಲ್ಲಿ ಅವನು 1733ರಲ್ಲಿ ಕಟ್ಟಿದ ಕಲ್ಲಿನ ಮನೆ ಇಂದಿಗೂ ನಿಂತಿದೆ. 1736ರಲ್ಲಿ ತೀರಿಕೊಂಡ.

ಬೀಗ ತೆರೆದ ಕ್ರಯಪತ್ರ

ಎಲ್ಲರೂ ಎಡವಿದ್ದು ಇಲ್ಲಿ. ಬರ್ಕ್ಸ್‌ನಲ್ಲಿ ಲಿಂಕನ್ನರ ದೊಡ್ಡ ಬಳಗವಿತ್ತು. ವರ್ಜೀನಿಯಾದಲ್ಲಿ ಜಾನ್ ಲಿಂಕನ್ ಎಂಬವನಿದ್ದ. 1768ರಲ್ಲಿ ಲಿನ್‌ವಿಲ್ ಕ್ರೀಕ್ ಬಳಿ ಜಮೀನು ಕೊಂಡು ನೆಲೆಸಿದವನು. ಅಧ್ಯಕ್ಷರು ಹೆಸರು ಗೊತ್ತಿಲ್ಲದೆ ಕೇಳುತ್ತಿದ್ದ ಮುತ್ತಜ್ಜ ಇವನೇ. ಆದರೆ ಈ ಜಾನ್ ಯಾರ ಮಗ?

ಮೊರ್ಡೆಕೈ ತನ್ನ ಉಯಿಲಿನಲ್ಲಿ ಪೆನ್ಸಿಲ್ವೇನಿಯಾದ ತೋಟವನ್ನು ಎರಡನೇ ಹೆಂಡತಿಯ ಮಕ್ಕಳಿಗೆ ಬಿಟ್ಟಿದ್ದ. ಮೊದಲ ಹೆಂಡತಿ ಹ್ಯಾನಾಳ ಮಗ ಜಾನ್‌ಗೆ ಕೊಟ್ಟಿದ್ದು ನ್ಯೂ ಜೆರ್ಸಿಯ 300 ಎಕರೆ. ಉಯಿಲಿನ ಮೇಲಿನ ತಾರೀಖು ಫೆಬ್ರವರಿ 1735/36. ಎರಡು ವರ್ಷ ಯಾಕೆ ಅಂದರೆ, 1752ರವರೆಗೆ ಇಂಗ್ಲಿಷರ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಅದು ತಿಳಿಯದೆ ಬರೀ 1735 ಅಂತ ಬರೆದುಕೊಂಡರೆ ಮುಂದಿನ ಲೆಕ್ಕವೆಲ್ಲ ಒಂದು ವರ್ಷ ತಪ್ಪುತ್ತದೆ.

1748ರಲ್ಲಿ ಆ 300 ಎಕರೆ ಮಾರಾಟವಾಯಿತು. ಮಾರಿದವನು ಜಾನ್ ಲಿಂಕನ್. ಕ್ರಯಪತ್ರದಲ್ಲಿ ಅವನನ್ನು ಮೊರ್ಡೆಕೈನ ಮಗ ಮತ್ತು ವಾರಸುದಾರ ಎಂದೇ ಬರೆದಿದೆ. ವಾಸ ಪೆನ್ಸಿಲ್ವೇನಿಯಾ. ಜಮೀನು ಮಾರುವವನಿಗೆ ಅದು ತನಗೆ ಹೇಗೆ ಬಂತು ಅಂತ ಹೇಳಲೇಬೇಕಲ್ಲ. ಆ ಒಂದು ಸಾಲಿನಿಂದ ಮೂರು ರಾಜ್ಯಗಳು ಕೂಡಿಕೊಂಡವು. 1887ರಲ್ಲಿ ಸ್ಯಾಮುಯೆಲ್ ಶಾಕ್‌ಫರ್ಡ್ ಎಂಬವರು ಈ ಕೊಂಡಿಯನ್ನು ಹಿಡಿದು ಸಾಲನ್ನು ಪ್ರಕಟಿಸಿದರು. ಅಧ್ಯಕ್ಷರು ಹತ್ಯೆಯಾಗಿ ಆಗಲೇ ಇಪ್ಪತ್ತೆರಡು ವರ್ಷ ಕಳೆದಿತ್ತು. 1923ರಲ್ಲಿ ವಾಲ್ಡೊ ಲಿಂಕನ್ ಇಡೀ ಮನೆತನದ ಚರಿತ್ರೆ ಹೊರತಂದರು.

ವಾರಸುದಾರ ಇರುವ ಊರಿನಲ್ಲೇ ಅವನ ಕಾಗದ ಹುಡುಕುವುದು ರೂಢಿ. ಈ ಪ್ರಕರಣದಲ್ಲಿ ಕಾಗದ ಸಿಕ್ಕಿದ್ದು ಅವನು ಬಿಟ್ಟುಬಂದ ಊರಿನಲ್ಲಿ.

ಕ್ವೇಕರ್ ಎಂಬ ಮನೆಮಾತು ಏನಾಯಿತು? ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸುತ್ತಮುತ್ತ ಕ್ವೇಕರರು ತುಂಬಿದ್ದರು. ಜಾನ್‌ನ ಮಲತಮ್ಮ, ಅಪ್ಪ ಸತ್ತ ಮೇಲೆ ಹುಟ್ಟಿದ ಅಬ್ರಹಾಂ, 1760ರಲ್ಲಿ ಆ್ಯನ್ ಬೂನ್‌ಳನ್ನು ಮದುವೆಯಾದ. ಅವಳು ಕೆಂಟಕಿಯ ದಾರಿ ಹುಡುಕಿ ಹೆಸರಾದ ಡೇನಿಯಲ್ ಬೂನ್‌ನ ದೊಡ್ಡಪ್ಪ–ಚಿಕ್ಕಪ್ಪಂದಿರ ಕಡೆಯ ತಂಗಿ, ಕ್ವೇಕರ್ ಮನೆಯವಳು. ಹೊರಗಿನವನನ್ನು ಮದುವೆಯಾದದ್ದಕ್ಕೆ ಕ್ವೇಕರ್ ಸಭೆ ಅವಳಿಂದ ತಪ್ಪೊಪ್ಪಿಗೆ ಬರೆಸಿಕೊಂಡಿತು. ಗಂಡ ಕ್ವೇಕರ್ ಆಗಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಮನೆಮಾತಿನಲ್ಲಿ ಸಾಮಾನ್ಯವಾಗಿ ಒಂದು ಕಾಳು ಇರುತ್ತದೆ, ಬೇರೆಯವರ ಹೊಲದ್ದು.

ಅಜ್ಜ ಸತ್ತ ವರ್ಷ

ಜಾನ್‌ನ ಮಗ ಅಬ್ರಹಾಂ, ಅಂದರೆ ಅಧ್ಯಕ್ಷರ ಅಜ್ಜ, 1780ರಲ್ಲಿ ವರ್ಜೀನಿಯಾದ ಹೊಲ ಮಾರಿದ. ಬೆಲೆ 5,000 ಪೌಂಡ್. ಭಾರಿ ಮೊತ್ತ ಅನಿಸುತ್ತದೆ, ಆದರೆ ಅದು ಯುದ್ಧಕಾಲದ ಕಾಗದದ ಹಣ, ಬೆಲೆ ಕುಸಿದು ಹೋಗಿತ್ತು. ಅದೇ ವರ್ಷ ಅವನು 400 ಎಕರೆಗೆ ಸರ್ಕಾರಿ ವಾರಂಟ್ ಕೊಂಡ. ಕಾಗದದಲ್ಲಿ ಅವನ ಹೆಸರು ‘ಅಬ್ರಹಾಂ ಲಿಂಕ್‌ಹಾರ್ನ್’. ಲಿಂಕನ್ ಅಂತ ಮಾತ್ರ ಹುಡುಕಿದವರಿಗೆ ಈ ಕಾಗದ ಸಿಗುವುದೇ ಇಲ್ಲ.

ಕೆಂಟಕಿ ಆಗ ವರ್ಜೀನಿಯಾದ ಭಾಗ. ವಾರಂಟ್ ಅಂದರೆ ಜಮೀನು ಅಲ್ಲ, ಜಮೀನು ಆರಿಸಿಕೊಳ್ಳುವ ಹಕ್ಕು. ಕೊಂಡವನೇ ಕಾಡಿಗೆ ಹೋಗಿ ಜಾಗ ಹಿಡಿಯಬೇಕು, ನೋಂದಾಯಿಸಬೇಕು, ಸರ್ವೆ ಮಾಡಿಸಬೇಕು. ಆ ಕಾಡು ಶಾನಿಯಂಥ ಬುಡಕಟ್ಟುಗಳ ಬೇಟೆಯ ನೆಲ ಎಂಬ ಮಾತು ಈ ಕಾಗದಗಳಲ್ಲಿ ಎಲ್ಲೂ ಬರುವುದಿಲ್ಲ. ಅಬ್ರಹಾಂ ಅಜ್ಜ ಸತ್ತಿದ್ದು ಆ ಬರೆಯದ ಮಾತಿನಿಂದಲೇ ಅಲ್ವಾ?

ಲಾಂಗ್ ರನ್ ಎಂಬ ಹಳ್ಳದ ದಂಡೆಯ ಆ 400 ಎಕರೆಯ ಸರ್ವೆ ಕಾಗದ ಉಳಿದಿದೆ. ಚಕ್ಕುಬಂದಿ ಹೀಗಿದೆ: ಗುರುತು ಕೊರೆದ ಒಂದು ಶುಗರ್ ಮೇಪಲ್ ಮರದಿಂದ ಶುರು. ಪೂರ್ವಕ್ಕೆ 300 ಪೋಲ್ (ಸುಮಾರು ಐದು ಮೀಟರಿನ ಹಳೇ ಅಳತೆ), ಒಂದು ಪಾಪ್ಲರ್ ಮರದವರೆಗೆ. ಉತ್ತರಕ್ಕೆ 213⅓ ಪೋಲ್, ಬೀಚ್ ಮತ್ತು ಡಾಗ್‌ವುಡ್ ಮರದವರೆಗೆ. ಪಶ್ಚಿಮಕ್ಕೆ 300, ಓಕ್ ಮತ್ತು ಹಿಕರಿ. ಮತ್ತೆ ದಕ್ಷಿಣಕ್ಕೆ ಮೊದಲಿನ ಮರ. ಎಕರೆಗೆ 160 ಚದರ ಪೋಲ್. ಗುಣಿಸಿ ನೋಡಿ, ಸರಿಯಾಗಿ 400 ಎಕರೆ ಬರುತ್ತದೆ. ಜಮೀನುದಾರ ಲಿಂಕ್‌ಹಾರ್ನ್, ಅಳತೆಯ ಸರಪಳಿ ಹಿಡಿದವರು ಮಾತ್ರ ಅನನಾಯ ಲಿಂಕನ್ ಮತ್ತು ಜೊಸಾಯ ಲಿಂಕನ್. ಒಂದೇ ಹಾಳೆಯಲ್ಲಿ ಎರಡು ಕಾಗುಣಿತ. ಜೊಸಾಯ ಅಬ್ರಹಾಂನ ಎರಡನೇ ಮಗ. ಗಡಿ ಗುರುತಿಸಿದವನು ಸ್ವತಃ ಅಬ್ರಹಾಂ.

ತಾರೀಖು 1785ರ ಮೇ 7.

ಮೊಮ್ಮಗನ ಪತ್ರದ ಪ್ರಕಾರ ಅಜ್ಜ ಸತ್ತಿದ್ದು 1784ರ ಸುಮಾರಿಗೆ. ಸತ್ತವನು ಮರುವರ್ಷ ಬಂದು ತನ್ನ ಹೊಲಕ್ಕೆ ಗಡಿ ಹಾಕಲು ಆಗುವುದಿಲ್ಲ. ಈಗ ಎಲ್ಲರೂ ಒಪ್ಪುವ ಕಾಲ 1786ರ ಮೇ. ಅವನ ಸೊತ್ತಿನ ವಿಷಯ 1788ರಲ್ಲಿ ನೆಲ್ಸನ್ ಕೌಂಟಿ ಕೋರ್ಟಿಗೆ ಬಂತು.

ಎರಡು ವರ್ಷದ ವ್ಯತ್ಯಾಸಕ್ಕೆ ಇಷ್ಟೊಂದು ಯಾಕೆ ಅಂತೀರಾ? ಕಾನೂನು ನೋಡಿ. ಉಯಿಲು ಬರೆಯದೆ ಸತ್ತವನ ಜಮೀನೆಲ್ಲ ಹಿರಿಯ ಮಗನಿಗೆ ಎಂಬ ಇಂಗ್ಲಿಷ್ ಪದ್ಧತಿ ವರ್ಜೀನಿಯಾದಲ್ಲಿ ನಡೆಯುತ್ತಿತ್ತು. 1785ರಲ್ಲಿ ಅದನ್ನು ತೆಗೆದರು. ಹೊಸ ಕಾನೂನು ಜಾರಿಗೆ ಬಂದಿದ್ದು 1787ರ ಜನವರಿ 1ಕ್ಕೆ. ಅಬ್ರಹಾಂ ಸತ್ತಿದ್ದು ಅದಕ್ಕೆ ಏಳೆಂಟು ತಿಂಗಳ ಮುಂಚೆ. ಹಾಗಾಗಿ ಜಮೀನು ಹಿರಿಯ ಮಗ ಮೊರ್ಡೆಕೈಗೆ ಹೋಯಿತು. ಕಿರಿಯವನು, ಅಂದರೆ ಅಧ್ಯಕ್ಷರ ಅಪ್ಪ ಥಾಮಸ್, ಆಗ ಎಂಟು ವರ್ಷದ ಹುಡುಗ, ಬರಿಗೈಯಲ್ಲಿ ಬೆಳೆದು ಕೂಲಿ ಮತ್ತು ಬಡಗಿ ಕೆಲಸ ಕಲಿತ. ಥಾಮಸ್ ಸೋಮಾರಿ, ಅದಕ್ಕೇ ಬಡವ ಅಂತ ಸುಮ್ನೆ ಬರೆದವರು ಬಹಳ ಜನ. ಅವರು ಈ ತಾರೀಖನ್ನು ನೋಡಿಲ್ಲ.

ಕೆಂಟಕಿಯ 1790 ಮತ್ತು 1800ರ ಜನಗಣತಿ ಪಟ್ಟಿಗಳು ಉಳಿದಿಲ್ಲ. ಆ ಜಾಗ ತುಂಬುವುದು ಪ್ರತಿವರ್ಷದ ತೆರಿಗೆ ಪಟ್ಟಿ. 1920ರ ದಶಕದಲ್ಲಿ ಲೂಯಿಸ್ ವಾರನ್ ಎಂಬ ಸಂಶೋಧಕರು ಕೆಂಟಕಿಯ ಕೋರ್ಟುಗಳಲ್ಲಿ ಕೂತು ಅವನ್ನೆಲ್ಲ ಹೊರತೆಗೆದರು. ಅಲ್ಲಿ ಕಾಣುವ ಥಾಮಸ್ ಬೇರೆಯೇ ಮನುಷ್ಯ. 1803ರಲ್ಲಿ ಮಿಲ್ ಕ್ರೀಕ್‌ನಲ್ಲಿ 238 ಎಕರೆ ಕೊಂಡ. ಮಾರುವಾಗ ಅದು 200 ಎಕರೆ ಆಗಿತ್ತು, 38 ಎಕರೆ ಕೆಟ್ಟ ಸರ್ವೆಯಲ್ಲಿ ಕರಗಿತು. 1808ರಲ್ಲಿ 200 ಡಾಲರ್ ಕೊಟ್ಟು ಸಿಂಕಿಂಗ್ ಸ್ಪ್ರಿಂಗ್ ಹೊಲ ಕೊಂಡ. 1809ರ ಫೆಬ್ರವರಿಯಲ್ಲಿ ಅಬ್ರಹಾಂ ಹುಟ್ಟಿದ್ದು ಅಲ್ಲಿ. ಹಿಂದಿನವರ ಸಾಲದ ತಗಾದೆಯಲ್ಲಿ ಅದೂ ಕೋರ್ಟು ಹತ್ತಿತು. ನಾಬ್ ಕ್ರೀಕ್‌ನಲ್ಲಿ ಮಾಡಿದ ಹೊಲಕ್ಕೆ ಫಿಲಡೆಲ್ಫಿಯಾದ ವಾರಸುದಾರರು 10,000 ಎಕರೆಯ ಹಳೇ ಹಕ್ಕು ತೋರಿಸಿ ಒಕ್ಕಲೆಬ್ಬಿಸುವ ದಾವೆ ಹಾಕಿದರು. ಮರದ ಗುರುತಿನ ಚಕ್ಕುಬಂದಿಯ ಫಲ ಇದು. ಮರ ಬಿದ್ದರೆ ಗಡಿಯೂ ಬಿತ್ತು.

1816ರ ಕೊನೆಗೆ ಥಾಮಸ್ ಇಂಡಿಯಾನಾಕ್ಕೆ ಹೊರಟ. ಕಾರಣ ಸ್ವಲ್ಪ ಗುಲಾಮಗಿರಿ, ಮುಖ್ಯವಾಗಿ ಕೆಂಟಕಿಯ ಜಮೀನು ಹಕ್ಕಿನ ತಕರಾರು ಎಂದು ಮಗ ಮುಂದೆ ಬರೆದರು. ಇಂಡಿಯಾನಾದಲ್ಲಿ ಸರ್ಕಾರವೇ ಮೊದಲು ಚೌಕಚೌಕವಾಗಿ ಅಳೆದು ಆಮೇಲೆ ಮಾರುತ್ತಿತ್ತು. ವಂಶ ಹುಡುಕುವವರಿಗೂ ಅದು ವರ. ಚೌಕದ ನಂಬರ್ ಸಿಕ್ಕಿದರೆ ಹೊಲ ಸಿಕ್ಕಂತೆ. ಆ ಸರ್ಕಾರಿ ಪಟ್ಟಾಗಳನ್ನು ಈಗ ಬೆಂಗಳೂರಿನಲ್ಲಿ ಕೂತು ಫೋನಿನಲ್ಲೇ ಪುಕ್ಕಟೆ ನೋಡಬಹುದು.

ಹೆಣ್ಣಿನ ಕಡೆ

ಇಲ್ಲಿಯವರೆಗೆ ಎಲ್ಲ ಗಂಡಸರ ಹೆಸರು. ಜಮೀನಿನ ಕಾಗದ ಹಿಡಿದು ನಡೆದರೆ ಹಾಗೇ ಆಗುತ್ತದೆ. ತಾಯಿ ನ್ಯಾನ್ಸಿ ಹ್ಯಾಂಕ್ಸ್ ಕಡೆಗೆ ತಿರುಗಿದರೆ ದಾರಿ ತಟ್ಟನೆ ಕಿರಿದಾಗುತ್ತದೆ.

ಮೊದಲು ಮದುವೆ ದಾಖಲೆ. ಲಿಂಕನ್ ಸತ್ತ ಮೇಲೆ ಅವರ ಹುಟ್ಟಿನ ಬಗ್ಗೆ ಕೊಳಕು ಗಾಳಿಮಾತುಗಳು ಎದ್ದವು. ಥಾಮಸ್ ವಾಸವಿದ್ದ ಹಾರ್ಡಿನ್ ಕೌಂಟಿಯಲ್ಲಿ ಮದುವೆ ದಾಖಲೆ ಹುಡುಕಿದರು, ಸಿಗಲಿಲ್ಲ. ಮದುವೆಯೇ ಆಗಿಲ್ಲ ಅಂದರು. 1878ರಲ್ಲಿ ಅದು ವಾಷಿಂಗ್ಟನ್ ಕೌಂಟಿಯ ಕಚೇರಿಯಲ್ಲಿ ಸಿಕ್ಕಿತು: 1806ರ ಜೂನ್ 12, ನಡೆಸಿಕೊಟ್ಟವರು ಪಾದ್ರಿ ಜೆಸ್ಸಿ ಹೆಡ್. ಮದುವೆ ಹೆಣ್ಣಿನ ಕಡೆ ಆಗುತ್ತದೆ. ಇಷ್ಟು ಸರಳ ವಿಷಯವನ್ನು ಹುಡುಕಿದವರು ಮರೆತಿದ್ದರು.

ನ್ಯಾನ್ಸಿಯ ಹಿಂದಿನದು ಇನ್ನೂ ಕಷ್ಟ. ಜೋಸೆಫ್ ಹ್ಯಾಂಕ್ಸ್ ಎಂಬ ರೈತ 1793ರಲ್ಲಿ ನೆಲ್ಸನ್ ಕೌಂಟಿಯಲ್ಲಿ ಉಯಿಲು ಬರೆದ. ಗಂಡುಮಕ್ಕಳಿಗೆ ಕುದುರೆ, ಹೆಣ್ಣುಮಕ್ಕಳಿಗೆ ಒಂದೊಂದು ಕಡಸು. ಕಡಸುಗಳಿಗೆ ಹೆಸರೂ ಇದೆ. ಎಲಿಜಬೆತ್‌ಗೆ ಜೆಂಟಲ್, ಪಾಲಿಗೆ ಲೇಡಿ, ನ್ಯಾನ್ಸಿಗೆ ಪೀಡಿ. 1899ರಲ್ಲಿ ಒಬ್ಬ ಲೇಖಕಿ ಇದನ್ನು ನೋಡಿ, ಈ ನ್ಯಾನ್ಸಿಯೇ ಲಿಂಕನ್ ತಾಯಿ ಎಂದು ಸಾರಿದರು. ಹೆಸರು ಸರಿ, ಊರಕಡೆ ಸರಿ, ಕಾಗದವೂ ಅಸಲಿ. ಆದರೆ ಆ ನ್ಯಾನ್ಸಿ ಲಿಂಕನ್ ತಾಯಿಯ ಚಿಕ್ಕಮ್ಮ. ಹ್ಯಾಂಕ್ಸ್ ಬಳಗದಲ್ಲಿ ನ್ಯಾನ್ಸಿಗಳು ಹಲವರು.

ಜೋಸೆಫ್‌ನ ಇನ್ನೊಬ್ಬ ಮಗಳು ಲೂಸಿಯ ಹೆಸರು ಆ ಉಯಿಲಿನಲ್ಲಿ ಇಲ್ಲ. ಲಿಂಕನ್ ತಾಯಿ ಲೂಸಿಗೆ ಮದುವೆಗೆ ಮುಂಚೆ ಹುಟ್ಟಿದ ಮಗಳು ಎಂಬ ಮಾತಿತ್ತು. ಅಲ್ಲ, ಬೇರೆ ದಂಪತಿಯ ಮಗಳು ಎಂದು ಇನ್ನೊಂದು ಪಕ್ಷ ವಾದಿಸಿತು. ನೂರು ವರ್ಷಕ್ಕೂ ಹೆಚ್ಚು ಜಗಳ ನಡೆಯಿತು. ಕಾಗದದಿಂದ ಅದು ಮುಗಿಯಲಿಲ್ಲ. ತಾಯಿಯಿಂದ ಮಕ್ಕಳಿಗೆ ಮಾತ್ರ ಇಳಿಯುವ ಮೈಟೊಕಾಂಡ್ರಿಯಾ ಡಿಎನ್‌ಎ ಹಿಡಿದು, ಆ ಬಳಗದ ಹೆಣ್ಣು ಸಂತತಿಯವರನ್ನು ಪರೀಕ್ಷೆ ಮಾಡಿದರು. 2015ರಲ್ಲಿ ಫಲಿತಾಂಶ ಬಂತು. ಎಕ್ಸ್1ಸಿ ಎಂಬ ಅಪರೂಪದ ಗುಂಪು ಎಲ್ಲರಲ್ಲೂ ಹೊಂದಿತು. ನ್ಯಾನ್ಸಿ ಲೂಸಿಯ ಮಗಳು, ಲೂಸಿ ಜೋಸೆಫ್‌ನ ಹೆಂಡತಿ ಆ್ಯನ್‌ಳ ಮಗಳು ಎಂಬ ಪಕ್ಷವೇ ಗೆದ್ದಿತು.

ನ್ಯಾನ್ಸಿಯ ಅಪ್ಪ ಯಾರು ಎಂಬುದು ಹಾಗೇ ಉಳಿದಿದೆ. ಲಿಂಕನ್ನರ ವಕೀಲಿ ಜೊತೆಗಾರ ಹರ್ನ್‌ಡನ್ ಪ್ರಕಾರ, ಅವನು ವರ್ಜೀನಿಯಾದ ದೊಡ್ಡ ಜಮೀನುದಾರ ಎಂದು ಲಿಂಕನ್ ಒಮ್ಮೆ ಗಾಡಿಯಲ್ಲಿ ಹೋಗುವಾಗ ಹೇಳಿದ್ದರು. ಹೆಸರು ಹೇಳಲಿಲ್ಲ. ಹೆಣ್ಣು ಸಾಲಿನ ಡಿಎನ್‌ಎ ಗಂಡಸಿನ ಬಗ್ಗೆ ಏನೂ ಹೇಳುವುದಿಲ್ಲ. ಗಂಡು ಸಾಲಿನದು ಮಗಳಿಗೆ ಇಳಿಯುವುದೇ ಇಲ್ಲ. ಲಿಂಕನ್ನರ ನೇರ ಸಂತತಿಯ ಕೊನೆಯ ಕುಡಿ, ಮರಿಮಗ ರಾಬರ್ಟ್ ಟಾಡ್ ಲಿಂಕನ್ ಬೆಕ್‌ವಿತ್, 1985ರಲ್ಲಿ ತೀರಿಕೊಂಡರು.